ಮನೆಮಾತಿನ ನೆರವಿನಿಂದ ಇಂಗ್ಲಿಷಿನ ಕಾಲಗಳು

ಉದ್ಯೋಗನಿಮಿತ್ತ ಬಯಲುಸೀಮೆಯಿಂದ ಬಂದು ಮಂಗಳೂರಿನ ಕೊಟ್ಟಾರದ ಸುತ್ತಮುತ್ತ ನೆಲೆಸಿರುವ ಮನೆಗಳಲ್ಲಿ ಮಕ್ಕಳ ಕಿವಿಗೆ ದಿನವೂ ಮೂರು ನಾಲ್ಕು ಭಾಷೆಗಳು ಬೀಳುತ್ತವೆ. ಮನೆಯೊಳಗೆ ಕನ್ನಡ, ಅಂಗಳದಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿಯೋ ಬ್ಯಾರಿ ಮಾತೋ, ಶಾಲೆಯಲ್ಲಿ ಇಂಗ್ಲಿಷ್. ಉಳಿದವನ್ನು ಆಡುತ್ತಾಡುತ್ತಲೇ ಕಲಿಯುವ ಮಗು ಇಂಗ್ಲಿಷಿನ ಎದುರಿನಲ್ಲಿ ಮಾತ್ರ ತಡವರಿಸುತ್ತದೆ. ಅದರಲ್ಲಿಯೂ ಕ್ರಿಯಾಪದದ ಕಾಲಗಳ ಪಾಠ ಬಂದಾಗ, "ನನಗೆ ಇಂಗ್ಲಿಷ್ ಬರುವುದಿಲ್ಲ, ಟ್ಯೂಷನ್ನಿನಲ್ಲಿ ಕೇಳು" ಎಂದು ತಾಯಂದಿರು ಕೈಚೆಲ್ಲುವುದುಂಟು. ಇಂಗ್ಲಿಷ್ ಬಾರದ ತಾಯಿಯೂ ಈ ಪಾಠದ ಅರ್ಧಭಾಗವನ್ನು ಹೇಳಿಕೊಡಬಲ್ಲಳೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಆರಂಭವಾಯಿತು. ಆದರೂ ಕಾಲಗಳ ಬೋಧನೆ ಬಹುಕಡೆ ಹಳೆಯ ಜಾಡಿನಲ್ಲಿಯೇ ಸಾಗಿದೆ. ಮೂರು ಕಾಲ, ಒಂದೊಂದಕ್ಕೆ ನಾಲ್ಕು ಬಗೆ, ಒಟ್ಟು ಹನ್ನೆರಡು ಮನೆಗಳ ಕೋಷ್ಟಕ. ಮಗು ಅದನ್ನು ಮಗ್ಗಿಯಂತೆ ಒಪ್ಪಿಸುತ್ತದೆ. ನಿನ್ನೆ ಸಂಜೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮೌನ! ಕೋಷ್ಟಕವನ್ನು ಕೆಲಕಾಲ ಮುಚ್ಚಿಡುವುದೇ ಲೇಸು.

ಅದರ ಬದಲು ಮನೆಯ ಮಾತನ್ನೇ ಗಮನಿಸೋಣ. "ಅಜ್ಜಿ ದಿನವೂ ಪೂಜೆ ಮಾಡುತ್ತಾರೆ" ಎನ್ನುತ್ತೇವೆ. ಬಾಗಿಲಿಗೆ ಬಂದವರಿಗೆ "ಅಜ್ಜಿ ಪೂಜೆ ಮಾಡುತ್ತಿದ್ದಾರೆ, ಕುಳಿತುಕೊಳ್ಳಿ" ಎನ್ನುತ್ತೇವೆ. ಮೊದಲನೆಯದು ರೂಢಿ, ಎರಡನೆಯದು ಈ ಕ್ಷಣದಲ್ಲಿ ನಡೆದಿರುವ ಕಾರ್ಯ. ಇಂಗ್ಲಿಷಿನ "ಡಸ್" ಮತ್ತು "ಈಸ್ ಡೂಯಿಂಗ್" ಎಂಬವುಗಳ ನಡುವಿನ ಅಂತರವೂ ಇದೇ. ಕನ್ನಡದಲ್ಲಿ ಈ ಭೇದವನ್ನು ಬಲ್ಲ ಮಗುವಿಗೆ ಹೊಸದಾಗಿ ಕಲಿಯಬೇಕಾದದ್ದು ರೂಪವನ್ನಷ್ಟೇ.

"ಗೋ" ಎಂಬುದು "ವೆಂಟ್" ಆಗುವುದೇಕೆಂದು ಮಕ್ಕಳು ಕೇಳುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ? ಮಾಡು-ಮಾಡಿದ, ಓದು-ಓದಿದ ಎಂಬುದು ನೇರವಾದ ದಾರಿ. ಆದರೆ ಬರು-ಬಂದ, ತರು-ತಂದ, ಕೊಡು-ಕೊಟ್ಟ, ನಿಲ್ಲು-ನಿಂತ, ಹೋಗು-ಹೋದ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷಿನಲ್ಲಿಯೂ ಈ ಐದೂ ದಾರಿ ಬಿಟ್ಟವೇ: ಕಮ್-ಕೇಮ್, ಬ್ರಿಂಗ್-ಬ್ರಾಟ್, ಗಿವ್-ಗೇವ್, ಸ್ಟ್ಯಾಂಡ್-ಸ್ಟುಡ್, ಗೋ-ವೆಂಟ್. ದಿನಕ್ಕೆ ಹತ್ತಾರು ಬಾರಿ ಬಾಯಿಗೆ ಬರುವ ಮಾತುಗಳು ತಮ್ಮ ಹಳೆಯ ವಕ್ರತೆಯನ್ನು ಸುಲಭವಾಗಿ ಬಿಡುವುದಿಲ್ಲ. "ಬಂದ" ಎಂಬುದನ್ನು ಮಗು ಪಟ್ಟಿಯಿಂದ ಕಲಿಯಲಿಲ್ಲ, ಕೇಳಿ ಕೇಳಿ ಕಲಿಯಿತು. "ಕೇಮ್" ಕೂಡ ಹಾಗೆಯೇ ಬರಬೇಕು.

"ಐ ಡಿಡ್ ನಾಟ್ ವೆಂಟ್" ಎಂಬ ತಪ್ಪು ಎಲ್ಲೆಡೆ ಕೇಳಿಬರುತ್ತದೆ. ಇದಕ್ಕೂ ಮದ್ದು ಕನ್ನಡದಲ್ಲಿಯೇ ಇದೆ. ನಾವು "ಹೋಗಲಿಲ್ಲ" ಎನ್ನುತ್ತೇವೆಯೇ ಹೊರತು "ಹೋದಲಿಲ್ಲ" ಎನ್ನುವುದಿಲ್ಲ. ಕಳೆದ ಕಾಲದ ಭಾರವನ್ನು "ಲಿಲ್ಲ" ಹೊತ್ತಿರುವುದರಿಂದ "ಹೋಗು" ಎಂಬುದಕ್ಕೆ ಆ ಹೊರೆಯಿಲ್ಲ. ಇಂಗ್ಲಿಷಿನಲ್ಲಿ ಆ ಭಾರವನ್ನು "ಡಿಡ್" ಹೊರುತ್ತದೆ. ಆದುದರಿಂದ "ಡಿಡ್ ನಾಟ್ ಗೋ". "ಹೋದಲಿಲ್ಲ" ಎಂದು ಒಮ್ಮೆ ಹೇಳಿ ನೋಡಿರಿ. ಮಗು ನಗುತ್ತದೆ, ನಕ್ಕದ್ದನ್ನು ಮರೆಯುವುದಿಲ್ಲ.

ಅತ್ಯಂತ ಕಠಿಣವೆನಿಸುವುದು "ಹ್ಯಾವ್" ಸೇರಿದ ರೂಪ. ಇಲ್ಲಿ ಕೊಟ್ಟಾರದ ಮಕ್ಕಳಿಗೆ ತುಳುವಿನ ಸಹಾಯವೂ ಇದೆ. ತುಳುವಿನಲ್ಲಿ "ಬತ್ತೆರ್" ಎಂದರೆ ಬಂದರು, "ಬೈದೆರ್" ಎಂದರೆ ಬಂದಿದ್ದಾರೆ. "ನೆಂಟರು ಬಂದಿದ್ದಾರೆ" ಎಂದರೆ ಇನ್ನೂ ಮನೆಯಲ್ಲಿದ್ದಾರೆಂದೇ ಸಾಮಾನ್ಯವಾದ ಅರ್ಥ. "ಹ್ಯಾವ್ ಕಮ್" ಸೂಚಿಸುವುದೂ ಇದನ್ನೇ. ಆದರೆ ಮನೆಮಾತು ಎಲ್ಲ ಕಡೆಯೂ ಕೈಹಿಡಿದು ನಡೆಸುವುದಿಲ್ಲ. "ನಿನ್ನೆ ಬಂದಿದ್ದಾರೆ" ಎಂಬುದು ಕನ್ನಡಕ್ಕೆ ಒಪ್ಪಿಗೆ. ಇಂಗ್ಲಿಷಿನಲ್ಲಿ "ಯೆಸ್ಟರ್‌ಡೇ" ಎಂದು ಕಾಲವನ್ನು ಗೊತ್ತುಮಾಡಿದೊಡನೆ "ಕೇಮ್" ಎಂದೇ ಹೇಳಬೇಕು. "ಐದು ವರ್ಷದಿಂದ ಕೊಟ್ಟಾರದಲ್ಲಿ ಇದ್ದೇವೆ" ಎಂಬುದನ್ನು ಪದಕ್ಕೆ ಪದವಿಟ್ಟು "ವೀ ಆರ್ ಇನ್ ಕೊಟ್ಟಾರ ಸಿನ್ಸ್ ಫೈವ್ ಇಯರ್ಸ್" ಎಂದರೆ ತಪ್ಪು. ನಾವು ಇಂದಿನ ಇರವನ್ನು ಹೇಳುತ್ತೇವೆ. ಇಂಗ್ಲಿಷ್ ಆ ಐದು ವರ್ಷಗಳ ಉದ್ದವನ್ನು ನೋಡುತ್ತದೆ. ಆದುದರಿಂದ "ವೀ ಹ್ಯಾವ್ ಬೀನ್ ಇನ್ ಕೊಟ್ಟಾರ ಫಾರ್ ಫೈವ್ ಇಯರ್ಸ್". ಹಾಗೆಯೇ "ಐ ಆಮ್ ನೋಯಿಂಗ್", "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಎಂಬವು ಸಲ್ಲವು. ತಿಳಿದಿರುವುದು, ಸೋದರರು ಇರುವುದು ನಡೆಯುತ್ತಿರುವ ಕೆಲಸವಲ್ಲ, ಸ್ಥಿತಿ.

ಒಂದು ಭಾಷೆಯನ್ನು ಇನ್ನೊಂದರ ಮೂಲಕ ವಿವರಿಸುವುದು ಮಂಗಳೂರಿಗೆ ಹೊಸತೇನೂ ಅಲ್ಲ. ಬಾಸೆಲ್ ಮಿಷನ್ನಿನ ಬ್ರಿಗೆಲ್ ಅವರು ಇಂಗ್ಲಿಷಿನಲ್ಲಿ ಬರೆದ ತುಳು ವ್ಯಾಕರಣ 1872ರಲ್ಲಿ ಇಲ್ಲಿಯೇ ಅಚ್ಚಾಯಿತು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದವು. ಜರ್ಮನಿಯವರಾದ ಕಿಟೆಲ್‌ಗೆ ಈ ಎರಡೂ ಪರಭಾಷೆಗಳೇ ಆಗಿದ್ದವೆಂಬುದನ್ನು ಮಕ್ಕಳಿಗೆ ಹೇಳಬೇಕು.

ಇಂಗ್ಲಿಷ್ ಬರಲೆಂದು ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿದ ಕುಟುಂಬಗಳೂ ಇವೆ. ಇದು ಏಣಿಯ ಕೆಳಗಿನ ಮೆಟ್ಟಿಲನ್ನು ತೆಗೆದು ಮೇಲೇರಲು ಹೇಳಿದಂತೆ. ಅರೆಬರೆ ಇಂಗ್ಲಿಷನ್ನೇ ದಿನವಿಡೀ ಕೇಳಿದ ಮಗು ಅದೇ ತಪ್ಪುಗಳನ್ನು ಕಲಿಯುತ್ತದೆ. ಅಜ್ಜಿಯೊಡನೆ ಮಾತು ತಪ್ಪಿಹೋಗುವುದು ಬೇರೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಸಾಕು. ಆ ದಿನದ ಮೂರು ಸಂಗತಿಗಳನ್ನು ಮಗು ಮೊದಲು ಕನ್ನಡದಲ್ಲಿ ಹೇಳಲಿ. ಮುಗಿದದ್ದೋ, ನಡೆಯುತ್ತಿರುವುದೋ, ದಿನವೂ ಆಗುವುದೋ ಎಂದು ತಾಯಿ ಕೇಳಲಿ. ಅನಂತರ ಅವನ್ನೇ ಇಂಗ್ಲಿಷಿನಲ್ಲಿ ಬರೆದು, ಮರುದಿನ ಶಾಲೆಯಲ್ಲಿ ಶಿಕ್ಷಕರಿಗೆ ತೋರಿಸಲಿ.