ಗ್ರಂಥಪಾಲನೂ ಗಣಕಯಂತ್ರವೂ

ನನ್ನ ಊರು ಕುರ್ತಕೋಟಿ. ಗದಗ ತಾಲೂಕಿನ ಎರೆಭೂಮಿಯ ಊರುಗಳಲ್ಲೊಂದು. ಸಾಹಿತ್ಯದ ಓದುಗರಲ್ಲಿ ಬಹುಮಂದಿ ಈ ಹೆಸರನ್ನು ಬಲ್ಲುದು ಊರನ್ನು ಕಂಡಲ್ಲ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರನ್ನು ಓದಿ. ಅವರು 1928ರಲ್ಲಿ ಹುಟ್ಟಿದ್ದು ಗದಗಿನಲ್ಲಿ. ಮನೆತನದ ಹೆಸರು ಮಾತ್ರ ನಮ್ಮೂರಿನದು.

ನಿವೃತ್ತನಾದ ಕೆಲವು ವರ್ಷಗಳ ತರುವಾಯ ನಾನು ಗ್ರಂಥಪಾಲನಾಗಿ ದುಡಿದ ಕಾಲೇಜಿಗೆ ಒಮ್ಮೆ ಹೋಗಿದ್ದೆ. ಕಾರ್ಡುಗಳ ಕಪಾಟು ನಿಂತಿದ್ದ ಜಾಗದಲ್ಲಿ ಗಣಕಯಂತ್ರ ಕುಳಿತಿತ್ತು. ಕುತೂಹಲಕ್ಕೆಂದು ಅದರ ಮುಂದೆ ಕುಳಿತು, ಅದು ಬಯಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ, ಕುರ್ತಕೋಟಿಯವರ ಹೆಸರನ್ನು ಒತ್ತಿದೆ. ಒಂದು ಪುಸ್ತಕವೂ ಇಲ್ಲವೆಂದಿತು. ಹೆಸರಿನ ನಡುವಿನ ಒಂದು 'ಎ' ಅಕ್ಷರವನ್ನು ತೆಗೆದು ನೋಡಿದೆ. ಮೂರು ಪುಸ್ತಕ ಬಂದವು. ಕೀರ್ತಿನಾಥದ ಮೊದಲಿಗೆ 'ಐ' ಬದಲು ಎರಡು 'ಇ' ಹಾಕಿದೆ; ಬೇರೆ ಎರಡು ಬಂದವು. ಆದರೆ 1962ರಲ್ಲಿ ಹೊರಬಂದ 'ಯುಗಧರ್ಮ ಹಾಗೂ ಸಾಹಿತ್ಯದರ್ಶನ' ಯಾವ ಕಾಗುಣಿತಕ್ಕೂ ಓಗೊಡಲಿಲ್ಲ. ಎದ್ದು ಒಳಗೆ ಹೋದರೆ, ನಾನೇ ಒಂದು ಕಾಲಕ್ಕೆ ಬೆನ್ನಿಗೆ ಚೀಟಿ ಅಂಟಿಸಿದ್ದ ಆ ಪುಸ್ತಕ, ಅದೇ ಖಾನೆಯಲ್ಲಿ, ಧೂಳು ಹೊತ್ತು ನಿಂತಿತ್ತು. ಅದನ್ನು ಅರಸಿ ಬಂದ ವಿದ್ಯಾರ್ಥಿಗಳು ಎಷ್ಟು ಜನ ಇಲ್ಲವೆಂದುಕೊಂಡು ತಿರುಗಿ ಹೋದರೋ!

ತಪ್ಪು ಯಂತ್ರದ್ದೆಂದು ಹೇಳಿಬಿಟ್ಟರೆ ನನ್ನ ವಯಸ್ಸಿನವರಿಗೆಲ್ಲ ಹಿತವಾದೀತು. ಆದರೆ ಆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಅದು ನನ್ನದು ಹೇಗಾಯಿತೆಂಬುದನ್ನು ಹೇಳಬೇಕಾದರೆ ಕಾರ್ಡಿನ ಕಥೆಯನ್ನು ಮೊದಲು ಹೇಳಬೇಕು.

ಸೂಚಿಯ ಕಾರ್ಡು ಗೇಣಿಗಿಂತ ಚಿಕ್ಕದು, ಅಗಲ 12.5 ಸೆಂಟಿಮೀಟರು, ಎತ್ತರ 7.5. ಕೆಳಗಡೆ ಒಂದು ತೂತು. ಆ ತೂತಿನಲ್ಲಿ ಹಾಯುವ ಹಿತ್ತಾಳೆಯ ಸರಳು ಕಾರ್ಡುಗಳನ್ನು ಖಾನೆಯಲ್ಲಿ ಹಿಡಿದಿಡುತ್ತದೆ. ಪುಸ್ತಕವೊಂದಕ್ಕೆ ಕರ್ತೃವಿನ ಹೆಸರಿನಲ್ಲೊಂದು, ಶೀರ್ಷಿಕೆಯಲ್ಲೊಂದು, ವಿಷಯದಲ್ಲೊಂದು ಎಂದು ಕಾರ್ಡು ಬರೆಯುತ್ತಿದ್ದೆವು. ಇದರ ಹುಟ್ಟು ವಿನೋದವಾದದ್ದು. ಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ, ಮಠಗಳಿಂದ ವಶಪಡಿಸಿಕೊಂಡ ಪುಸ್ತಕಗಳ ಪಟ್ಟಿ ಮಾಡಲು 1791ರಲ್ಲಿ ಬಳಸಿದ್ದು ಇಸ್ಪೀಟಿನ ಎಲೆಗಳ ಬೆನ್ನನ್ನು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಿಂದ ಅಚ್ಚಾದ ಕಾರ್ಡುಗಳನ್ನು ಇತರ ಗ್ರಂಥಾಲಯಗಳಿಗೆ ಮಾರತೊಡಗಿತು. ಕಾರ್ಡು ಬರೆಯಲೆಂದೇ ದುಂಡನೆಯ ಒಂದು ಕೈಬರಹವನ್ನು ಅಲ್ಲಿಯ ಗ್ರಂಥಪಾಲರಿಗೆ ಕಲಿಸುತ್ತಿದ್ದರು. ಕೊನೆಗೆ ಓಹಿಯೊ ರಾಜ್ಯದ ಒಂದು ಸಂಸ್ಥೆ 2015ರ ಅಕ್ಟೋಬರಿನಲ್ಲಿ ಕಡೆಯ ಕಂತಿನ ಕಾರ್ಡುಗಳನ್ನು ಅಚ್ಚುಮಾಡಿ ಆ ಕೆಲಸವನ್ನು ನಿಲ್ಲಿಸಿತು. ಇನ್ನೂರು ವರ್ಷಗಳಿಗೂ ಮಿಕ್ಕಿದ ಆಯುಷ್ಯ. ಒಂದು ಸಾಧನಕ್ಕೆ ಅದು ಕಡಿಮೆಯೇನಲ್ಲ.

ನಮ್ಮಲ್ಲಿ ಕನ್ನಡ ಪುಸ್ತಕಗಳಿಗೆ ಅಚ್ಚಿನ ಕಾರ್ಡು ಎಲ್ಲಿಂದ ಬರಬೇಕು? ಕೈಯಿಂದಲೇ ಬರೆದೆವು. ಬರೆಯುವಾಗ ಎದುರಾಗುತ್ತಿದ್ದ ಮೊದಲ ತೊಡಕು, ಬರೆದವರು ಯಾರು ಎಂಬುದು. ಓದುಗರಿಗೆ ಇದು ವಿಚಿತ್ರವೆನಿಸಬಹುದು; ಮುಖಪುಟದ ಮೇಲೆ ಹೆಸರಿರುತ್ತದಲ್ಲ? ಇರುತ್ತದೆ, ಆದರೆ ಯಾವ ಹೆಸರು? ಆದ್ಯ ರಂಗಾಚಾರ್ಯರು ಒಂದು ಕಾಲಕ್ಕೆ ಆರ್. ವಿ. ಜಾಗೀರದಾರ, ನಾಟಕಗಳ ಮೇಲೆ ಶ್ರೀರಂಗ. ಬೇಂದ್ರೆಯವರು ಕವನಗಳಲ್ಲಿ ಅಂಬಿಕಾತನಯದತ್ತ. ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಕಟ್ಟಿದ, ನಮ್ಮ ನೆರೆಯ ಹೊಂಬಳದ ಜಿ. ಬಿ. ಜೋಶಿಯವರು ಬರಹಗಾರರಾಗಿ ಜಡಭರತ. ಉತ್ತರ ಕರ್ನಾಟಕದವರಾದ ನಾವು ಊರಿನ ಹೆಸರನ್ನು ಅಡ್ಡಹೆಸರಾಗಿ ಕೊನೆಗೆ ಇಡುತ್ತೇವೆ. ಮೈಸೂರು ಕಡೆಯವರಲ್ಲಿ ಊರು, ತಂದೆ ಇಬ್ಬರೂ ಮೊದಲಿನ ಎರಡಕ್ಷರಗಳಲ್ಲಿ ಅಡಗಿರುತ್ತಾರೆ. ಅಕಾರಾದಿಯಲ್ಲಿ ಒಬ್ಬರನ್ನು ಅಡ್ಡಹೆಸರಿನಿಂದ ಹಿಡಿಯಬೇಕು, ಮತ್ತೊಬ್ಬರನ್ನು ಸ್ವಂತ ಹೆಸರಿನಿಂದ. ಅಡ್ಡಹೆಸರೂ ದಾರಿ ತಪ್ಪಿಸಬಲ್ಲುದು. ಆನಂದಕಂದರೆಂದು ಬರೆದ ಬೆಟಗೇರಿ ಕೃಷ್ಣಶರ್ಮರನ್ನು ಗದಗ-ಬೆಟಗೇರಿಯವರೆಂದೇ ನಮ್ಮ ಕಡೆಯ ಎಷ್ಟೋ ಜನ ಅಭಿಮಾನದಿಂದ ನಂಬಿದ್ದಾರೆ. ಅವರ ಬೆಟಗೇರಿ ಗೋಕಾಕ ತಾಲೂಕಿನದು!

ಇಂಥ ತೊಡಕಿಗೆಲ್ಲ ನಮ್ಮ ಬಳಿ ಇದ್ದ ಮದ್ದು 'ನೋಡಿ' ಕಾರ್ಡು. ಜಡಭರತ ಎಂದು ಹುಡುಕಿದವನಿಗೆ 'ಜೋಶಿ, ಜಿ. ಬಿ. ನೋಡಿ' ಎಂದು ಕೈತೋರುವ ಕಾರ್ಡು. ಮೂವತ್ತು ವರ್ಷಗಳಲ್ಲಿ ಅಂಥವನ್ನು ನಾನು ಎಷ್ಟೋ ಬರೆದೆ. ಕೆಲವು ಕಾರ್ಡುಗಳ ಹಿಂಬದಿಯಲ್ಲಿ ಪೆನ್ಸಿಲಿನ ಟಿಪ್ಪಣಿಗಳಿದ್ದವು: ಈ ಪುಸ್ತಕ ಬೇರೆ ಹೆಸರಿನಿಂದ ಮರುಮುದ್ರಣವಾಗಿದೆ, ಈ ಸಂಪುಟದಲ್ಲಿ ಇಂಥವರದೂ ಒಂದು ಲೇಖನವಿದೆ ಎಂಬಂಥವು. ಯಾವ ಪರೀಕ್ಷೆಗೂ ಓದದ, ಯಾವ ಸಂಹಿತೆಯಲ್ಲೂ ಸಿಗದ ತಿಳಿವಳಿಕೆ ಅದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಗಣಕಯಂತ್ರ ಬರುತ್ತದೆಂದಾಗ ನಾನು ವಿರೋಧಿಸಿದೆ. ವಿದ್ಯುತ್ತಿನ ಗತಿಯೇನು ಎಂದೆ. ಕನ್ನಡ ಅದಕ್ಕೆ ಬಾರದೆಂದೆ. ಎರಡೂ ಸುಳ್ಳಲ್ಲ. ಅಂದಿನ ಕನ್ನಡ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪವನ್ನು ಹೊದಿಸಿದವು. ಒಂದು ಯಂತ್ರದಲ್ಲಿ ಬರೆದದ್ದನ್ನು ಆ ಲಿಪಿಯಿಲ್ಲದ ಮತ್ತೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಪ್ರತಿಯೊಂದು ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಳ ದೊರೆತಿತ್ತಾದರೂ, ಅದು ಚಿಕ್ಕ ಊರುಗಳ ಕಾಲೇಜುಗಳನ್ನು ಮುಟ್ಟಲು ಬಹಳ ವರ್ಷಗಳು ಬೇಕಾದವು. ಹೀಗೆ ನನ್ನ ಆಕ್ಷೇಪಗಳಿಗೆ ಆಧಾರವಿತ್ತು. ಆದರೆ ಆಧಾರವಿದ್ದ ಆಕ್ಷೇಪಗಳ ಮರೆಯಲ್ಲಿ ಇನ್ನೊಂದು ಕಾರಣ ಅಡಗಿತ್ತು: ನನ್ನ ಕೈಬರಹಕ್ಕೆ ಇನ್ನು ಬೆಲೆಯಿರದೆಂಬ ಅಂಜಿಕೆ. ಅದನ್ನು ಅಂದು ಯಾರ ಮುಂದೂ ಆಡಲಿಲ್ಲ.

ನಾನು ಮುನಿದು ದೂರ ಕುಳಿತೆ. ಕೆಲಸ ನಿಲ್ಲಲಿಲ್ಲ. ಗುತ್ತಿಗೆಗೆ ಬಂದ ನಾಲ್ವರು ಹುಡುಗರು ಒಂದು ಬೇಸಿಗೆಯ ರಜೆಯಲ್ಲಿ ಪುಸ್ತಕಗಳ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದರು. ಅವರಿಗೆ ಸಂಬಳ ದಾಖಲೆಯ ಲೆಕ್ಕದ ಮೇಲೆ. ಒಂದೊಂದು ಹೆಸರಿನ ಹಿಂದೆ ಹೋಗಲು ಪುರುಸೊತ್ತೆಲ್ಲಿ? ಕುರ್ತಕೋಟಿಯವರನ್ನು ಒಬ್ಬ ಒಂದು ಬಗೆ ಬರೆದ, ಮತ್ತೊಬ್ಬ ಇನ್ನೊಂದು ಬಗೆ. 'ನೋಡಿ' ಕಾರ್ಡುಗಳಿಗೆ ಅವರ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ಆ ಹುಡುಗರಲ್ಲೊಬ್ಬ ಎರಡು ಸಲ ನನ್ನ ಮೇಜಿನ ಬಳಿ ಬಂದು ಯಾವುದೋ ಹೆಸರಿನ ಬಗ್ಗೆ ಕೇಳಿದ್ದು ನೆನಪಿದೆ. 'ಯಂತ್ರವನ್ನೇ ಕೇಳಪ್ಪಾ' ಎಂದಿದ್ದೆ. ಅವನು ಮೂರನೆಯ ಸಲ ಬರಲಿಲ್ಲ. ತರುವಾಯ ಕಾರ್ಡುಗಳು ರದ್ದಿಗೆ ಹೋದವು, ಪೆನ್ಸಿಲಿನ ಟಿಪ್ಪಣಿಗಳ ಸಮೇತ.

ಇದು ನಮ್ಮೊಬ್ಬರ ಹಣೆಬರಹವೆಂದು ಬಹುಕಾಲ ಅಂದುಕೊಂಡಿದ್ದೆ. ಅಮೆರಿಕದ ದೊಡ್ಡ ಗ್ರಂಥಾಲಯಗಳಲ್ಲಿಯೂ ಹೀಗೆಯೇ ಆಗಿತ್ತೆಂದು, ಯಂತ್ರಕ್ಕೆ ಇಳಿಯದ ಮಾಹಿತಿಯೊಡನೆ ಕಾರ್ಡುಗಳು ಕಸಕ್ಕೆ ಹೋದವೆಂದು, ನಿಕೋಲ್ಸನ್ ಬೇಕರ್ ಎಂಬ ಲೇಖಕ 1994ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ದೀರ್ಘವಾಗಿ ಬರೆದ. ಅವನ ದುಃಖ ನನಗೆ ಅರ್ಥವಾಗುತ್ತದೆ. ಆದರೂ ಕಾರ್ಡುಗಳನ್ನೇ ಉಳಿಸಿಕೊಳ್ಳಬೇಕಾಗಿತ್ತೆಂದು ಇಂದು ನಾನು ಹೇಳಲಾರೆ. ಕಾರ್ಡು ನೋಡಲು ಓದುಗ ನಮ್ಮಲ್ಲಿಗೇ ಬರಬೇಕಾಗಿತ್ತು. ಒಂದು ಖಾನೆಯ ಮುಂದೆ ಒಬ್ಬ ನಿಂತರೆ ಮತ್ತೊಬ್ಬ ಕಾಯಬೇಕಾಗಿತ್ತು. ಯಂತ್ರದ ಸೂಚಿಯನ್ನು ಮುಂಡರಗಿಯಲ್ಲಿ ಕುಳಿತವನೂ ನೋಡಬಲ್ಲ. ಅಷ್ಟೇ ಏಕೆ, ಒಬ್ಬ ಕರ್ತೃವಿನ ಎಲ್ಲ ಹೆಸರುಗಳನ್ನೂ, ಎಲ್ಲ ಕಾಗುಣಿತಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವ ಅನುಕೂಲ ಒಳ್ಳೆಯ ತಂತ್ರಾಂಶಗಳಲ್ಲಿದೆ. ನ್ಯೂಜಿಲೆಂಡಿನ ಒಂದು ಸಣ್ಣ ಸೀಮೆಯ ಗ್ರಂಥಾಲಯಕ್ಕಾಗಿ ರೂಪುಗೊಂಡು 2000ದ ಆರಂಭದಲ್ಲಿ ಬಳಕೆಗೆ ಬಂದ 'ಕೊಹಾ' ಅಂಥದೊಂದು; ಮಾವೊರಿ ಭಾಷೆಯಲ್ಲಿ ಕೊಹಾ ಎಂದರೆ ಕಾಣಿಕೆ. ಅದಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲ, ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಸ್ವೀಕರಿಸುತ್ತದೆ. ನನ್ನ 'ನೋಡಿ' ಕಾರ್ಡುಗಳಿಗೆ ಅಲ್ಲಿ ಕಾರ್ಡಿನ ಖಾನೆಗಿಂತ ಉತ್ತಮವಾದ ಮನೆ ಸಿಗುತ್ತಿತ್ತು. ಕೊಂಡೊಯ್ದು ಇರಿಸಬೇಕಾದವನು ಮುನಿದು ಕುಳಿತಿದ್ದ.

ಹಿಂದೆ ತಿರುಗಿ ನೋಡಿದರೆ, ನಮ್ಮ ವೃತ್ತಿ ಕಂಡ ದೊಡ್ಡ ಬದಲಾವಣೆ ಗಣಕಯಂತ್ರದ್ದಲ್ಲ, ಕಪಾಟಿನ ಬೀಗ ತೆಗೆದದ್ದು ಎನಿಸುತ್ತದೆ. ನಾನು ಹುಡುಗನಾಗಿದ್ದಾಗ ಪುಸ್ತಕಗಳನ್ನು ಕಂಡದ್ದು ಗಾಜಿನ ಹಿಂದೆ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಹೆಸರೇ ಗೊತ್ತಿಲ್ಲದವನಿಗೆ ಪುಸ್ತಕವೇ ಇಲ್ಲ. ಗ್ರಂಥಪಾಲ ಜಿಪುಣನೆಂದು ಬೈಯುತ್ತಿದ್ದೆವು. ನಾನೇ ಆ ಕುರ್ಚಿಯಲ್ಲಿ ಕುಳಿತ ಮೇಲೆ ಕಾರಣ ತಿಳಿಯಿತು. ವಾರ್ಷಿಕ ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಿದ್ದರೆ ಅದರ ಹಣ ಗ್ರಂಥಪಾಲನ ಜೇಬಿನಿಂದ ಹೋಗುವ ಪದ್ಧತಿ ಅನೇಕ ಕಡೆ ಇತ್ತು. ಪುಸ್ತಕ ಹೊರಗೆ ಹೋದಷ್ಟೂ ನನಗೆ ಅಪಾಯ, ಒಳಗೇ ಇದ್ದಷ್ಟೂ ಕ್ಷೇಮ ಎಂಬ ನಿಯಮದ ಕೆಳಗೆ ದುಡಿಯುವವನು ಬೀಗ ಹಾಕದೆ ಮತ್ತೇನು ಮಾಡಿಯಾನು? ಕೇಂದ್ರ ಸರಕಾರದ ಹಣಕಾಸು ನಿಯಮಗಳು ಕೊಟ್ಟ ಇಲ್ಲವೆ ಓದಿಸಿದ ಸಾವಿರ ಪುಸ್ತಕಗಳಿಗೆ ವರ್ಷಕ್ಕೆ ಐದರ ನಷ್ಟವನ್ನು ಸಹಜವೆಂದು ಒಪ್ಪುತ್ತವೆ. ಚಿಕ್ಕ ವಾಕ್ಯ, ಆದರೆ ಗ್ರಂಥಪಾಲನನ್ನು ಕಾವಲುಗಾರಿಕೆಯಿಂದ ಬಿಡಿಸುವ ವಿಷಯದಲ್ಲಿ ಅದು ಅನೇಕ ಉಪನ್ಯಾಸಗಳಿಗಿಂತ ಹೆಚ್ಚು ಮಾಡಿದೆ.

ತೆರೆದ ಕಪಾಟಿಗಾಗಿ ನಮ್ಮ ದೇಶದಲ್ಲಿ ಹೋರಾಡಿದವರು ಎಸ್. ಆರ್. ರಂಗನಾಥನ್. ಅವರು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಬಂದು, ಕೆಲವೇ ದಿನಗಳಲ್ಲಿ ಬೇಸತ್ತು, ತಮ್ಮನ್ನು ಮರಳಿ ಕಾಲೇಜಿಗೆ ಕಳಿಸಿರೆಂದು ಬೇಡಿದರು. ಮೊದಲು ಲಂಡನ್ನಿಗೆ ಹೋಗಿ ಬನ್ನಿ, ಆಮೇಲೆ ನೋಡೋಣ ಎಂದರಂತೆ. ಹೋಗಿ ಬಂದವರು ಮತ್ತೆ ಗಣಿತದ ಕಡೆಗೆ ತಿರುಗಲಿಲ್ಲ. ಬೆಂಗಳೂರಿನಲ್ಲಿ 1962ರಲ್ಲಿ ಸಂಶೋಧನ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಅವರು ಕಂಡದ್ದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಬೆಳೆಯುವ ಜೀವಿ ತನ್ನ ಹಳೆಯ ಅಂಗಿಯನ್ನು ಹರಿಯುತ್ತದೆ ಎಂಬುದು ಮಾತ್ರ ನನ್ನ ಅಂಗಿ ಹರಿಯುವವರೆಗೆ ಹೊಳೆದಿರಲಿಲ್ಲ.

ಅವರ ವಿಚಾರಗಳ ಪ್ರಭಾವದಲ್ಲಿ ನಮ್ಮ ರಾಜ್ಯ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಪಡೆಯಿತು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಬಂದಿತು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಎದ್ದವು. 2019ರಲ್ಲಿ ಐದು ಸಾವಿರಕ್ಕೂ ಮಿಕ್ಕ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ತರುವಾಯ ಹಲಗೆಯ ಮೇಲಿನ ಹೆಸರೂ ಬದಲಾಗಿ 'ಅರಿವು ಕೇಂದ್ರ'ವಾಯಿತು. ಇಲ್ಲಿಯ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನದ ಮೇಲೆ ದುಡಿದವರು. ಬದಲಾವಣೆಗೆ ಸಿದ್ಧರಾಗಿರೆಂದು ಅವರಿಗೆ ಉಪದೇಶಿಸುವ ಮೊದಲು ಅವರ ಜೀವನೋಪಾಯದ ಮಾತನ್ನು ಆಡಬೇಕೆಂದು ನನ್ನ ಮತ.

ಈಚೆಗೆ ನಮ್ಮ ಸೀಮೆಯ ಅಂಥ ಒಂದು ಕೇಂದ್ರಕ್ಕೆ ಹೋಗಿದ್ದೆ. ಮೇಲ್ವಿಚಾರಕಿ ಇಪ್ಪತ್ತೈದರ ಆಚೆಈಚೆಯ ಹೆಣ್ಣುಮಗಳು. ನೆಲದ ಮೇಲೆ ಮಕ್ಕಳು ಚಿತ್ರದ ಪುಸ್ತಕ ಹರಡಿಕೊಂಡಿದ್ದರು. ಒಬ್ಬ ರೈತ ಯಾವುದೋ ಅರ್ಜಿಯನ್ನು ತುಂಬಿಸಿಕೊಳ್ಳಲು ಬಾಗಿಲಲ್ಲಿ ನಿಂತಿದ್ದ. ನಾನು ಗ್ರಂಥಪಾಲನಾಗಿದ್ದವನೆಂದು ತಿಳಿದು ಆಕೆ ತನ್ನ ಮೊಬೈಲಿನಲ್ಲಿ ಮಾಡಿಕೊಂಡ ಪುಸ್ತಕಗಳ ಪಟ್ಟಿಯನ್ನು ತೋರಿಸಿದಳು. ಎಲ್ಲವೂ ಕನ್ನಡ ಅಕ್ಷರಗಳಲ್ಲಿ, ಅಕಾರಾದಿಯಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಬೆರಳಾಡಿಸುತ್ತ ಹೋದೆ. 'ಆ'ದಲ್ಲಿ ಆನಂದಕಂದ, 'ಬ'ದಲ್ಲಿ ಬೆಟಗೇರಿ ಕೃಷ್ಣಶರ್ಮ. ಇಬ್ಬರೂ ಒಬ್ಬರೇ ಎಂದೆ.

'ಹೌದೇನ್ರಿ ಅಜ್ಜಾರ? ಇಂಥಾ ಹೆಸರು ಇನ್ನೂ ಅದಾವೇನ್ರಿ?' ಎಂದು ಕೇಳಿದಳು.

ಬಹಳ ಅದಾವವ್ವಾ, ಎಂದೆ. ಆಕೆ ಮೇಜಿನ ಖಾನೆಯಿಂದ ನೂರು ಪುಟದ ಒಂದು ನೋಟುಬುಕ್ಕು ತೆಗೆದು, ಪೆನ್ನಿನೊಡನೆ ನನ್ನ ಮುಂದಿಟ್ಟಳು. 'ನೀವು ಬರದು ಕೊಡ್ರಿ, ನಾ ಇದರಾಗ ಹಾಕ್ತೀನಿ' ಎಂದು ಹೇಳಿ, ಬಾಗಿಲಲ್ಲಿದ್ದ ರೈತನ ಅರ್ಜಿಯ ಕಡೆಗೆ ಹೋದಳು. ನಾನು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಲ್ಲಿ ಶ್ರೀರಂಗ ಎಂದು ಬರೆದೆ; ಅದರ ಮುಂದೆ, ಆದ್ಯ ರಂಗಾಚಾರ್ಯ ನೋಡಿ.