ಕೈಗೆ ಎಟುಕದ ತಿರುಪು

ಮೋಟಾರು ಗಾಡಿಯ ದುರಸ್ತಿಯಲ್ಲಿ ಕೆಟ್ಟ ಭಾಗವನ್ನು ಗುರುತಿಸುವುದು ಅರ್ಧ ಕೆಲಸ. ಆ ಭಾಗದವರೆಗೆ ಕೈಯನ್ನು ಕೊಂಡೊಯ್ಯುವುದು ಉಳಿದ ಅರ್ಧ. ಹಳೆಯ ಕ್ರೀಡಾಮೋಟಾರುಗಳಲ್ಲಿ ಈ ಎರಡನೆಯ ಅರ್ಧವೇ ಹೆಚ್ಚು ಕಷ್ಟವಾದುದು. ವೇಗಕ್ಕೆಂದು ಗಾಡಿಯನ್ನು ತಗ್ಗಾಗಿಯೂ ಕಿರಿದಾಗಿಯೂ ಕಟ್ಟಿದುದರಿಂದ, ಇಂಜಿನ್ನಿಗೂ ಸುತ್ತಣ ತಗಡಿಗೂ ನಡುವೆ ಮುಷ್ಟಿ ತೂರುವಷ್ಟು ಎಡೆಯೂ ಉಳಿಯುವುದಿಲ್ಲ.

ಮಂಡ್ಯಕ್ಕೆ ಸೇರಿದ ಗುತ್ತಲಿನಲ್ಲಿ ನಮ್ಮ ಹಿರಿಯ ಸ್ನೇಹಿತರೊಬ್ಬರಿದ್ದಾರೆ. ಅವರ ತಂದೆಯವರು ಕೊಂಡಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯು ಕ್ಲಚ್ಚು ಸವೆದು ಹಿತ್ತಲಿನಲ್ಲಿ ನಿಂತಿದ್ದಿತು. ದುರಸ್ತಿಯಾಗದಿದ್ದರೆ ಗುಜರಿಗೆ ಹಾಕುವುದೆಂದು ಮನೆಯವರು ನಿಶ್ಚಯಿಸಿದ್ದರು. ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿದ ಟ್ರಯಂಫ್ ಹೆರಾಲ್ಡ್ ಎಂಬ ಗಾಡಿಯೇ 1961ರಿಂದ ಮದರಾಸಿನಲ್ಲಿ ತಯಾರಾಗಿ ಈ ಹೆಸರಿನಿಂದ ನಮ್ಮ ರಸ್ತೆಗಳಿಗೆ ಬಂದಿತು. ಇದೇ ಗಾಡಿಯ ಚೌಕಟ್ಟನ್ನು ಮೊಟಕುಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಕ್ರೀಡಾಮೋಟಾರನ್ನು ರಚಿಸಿದರು. ಆದುದರಿಂದ ಒಂದರಲ್ಲಿ ಕಲಿತ ಪಾಠವು ಇನ್ನೊಂದಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ.

ಈ ಎರಡು ಗಾಡಿಗಳಲ್ಲಿಯೂ ಬಾನೆಟ್ಟು ಚಕ್ರದ ಮೇಲಣ ತಗಡುಗಳೊಡನೆ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುವುದು. ಮುಂಗಾಲಿಯ ಮೇಲೆಯೇ ಕುಳಿತು ಇಂಜಿನ್ನಿನ ಕೆಲಸ ಮಾಡಬಹುದು. ಈ ಸೌಕರ್ಯವನ್ನು ಕಂಡು ನಾವು ಮೋಸಹೋದೆವು. ಕ್ಲಚ್ಚು ಇರುವುದು ಇಂಜಿನ್ನಿಗೂ ಗೇರುಪೆಟ್ಟಿಗೆಗೂ ಮಧ್ಯದಲ್ಲಿ. ನಾವು ಗಾಡಿಯ ಕೆಳಗೆ ಅಂಗಾತ ಮಲಗಿ, ಮೇಲಂಚಿನ ನಟ್ಟೊಂದಕ್ಕೆ ಬಾಯಿತೆರೆದ ಸ್ಪ್ಯಾನರನ್ನು ಓರೆಯಾಗಿ ಸಿಕ್ಕಿಸಿ ಬಲವಾಗಿ ಎಳೆದೆವು. ನಟ್ಟು ತಿರುಗಲಿಲ್ಲ, ಅದರ ಮೂಲೆಗಳು ಸವೆದು ದುಂಡಗಾದುವು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಅಧ್ಯಾಪಕರಿಗೂ ಅನ್ವಯಿಸುವುದೆಂದು ಆಗ ತಿಳಿಯಿತು.

ಮರುದಿನ ವಯೋವೃದ್ಧರಾದ ಮೇಸ್ತ್ರಿಯೊಬ್ಬರು ಬಂದರು. “ಸ್ವಾಮಿ, ಇದರ ಬಾಗಿಲು ಕೆಳಗಿಲ್ಲ, ಒಳಗಿದೆ” ಎಂದು ನಕ್ಕು, ಮುಂದಿನ ಆಸನಗಳನ್ನೂ ನೆಲಹಾಸನ್ನೂ ತೆಗೆಸಿದರು. ನಡುವಣ ಉಬ್ಬಾದ ಮುಚ್ಚಳದ ತಿರುಪುಗಳನ್ನು ಬಿಚ್ಚಿ ಅದನ್ನು ಎತ್ತಿದೊಡನೆ ಗೇರುಪೆಟ್ಟಿಗೆಯು ಪೂರ್ಣವಾಗಿ ಕಣ್ಣೆದುರಿಗೆ ಬಂದಿತು. ಈ ಜಾತಿಯ ಗಾಡಿಗಳಲ್ಲಿ ಅದು ಹೊರಬರುವುದು ಪ್ರಯಾಣಿಕರು ಕೂರುವ ಸ್ಥಳದ ಮೂಲಕವೇ. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಗಾಡಿಯಲ್ಲಾದರೋ ಈ ದಾರಿಯಿಲ್ಲ. ಕ್ಲಚ್ಚು ಬದಲಾಯಿಸಲು ಇಂಜಿನ್ನನ್ನೇ ಮೇಲಕ್ಕೆತ್ತಬೇಕು. ಆದುದರಿಂದ ಸ್ಪ್ಯಾನರು ಹಿಡಿಯುವ ಮೊದಲು, ಆ ಭಾಗವನ್ನು ರಚಿಸಿದವನು ಯಾವ ಕಡೆಯಿಂದ ಒಳಗಿಟ್ಟಿರಬಹುದೆಂದು ವಿಚಾರಮಾಡುವುದು ಮುಖ್ಯ.

ದುಂಡಾದ ನಟ್ಟಿಗೆ ಮೇಸ್ತ್ರಿಗಳು ರಾತ್ರಿಯೆಲ್ಲ ಎಣ್ಣೆ ಉಣಿಸಿ, ಬೆಳಿಗ್ಗೆ ಸ್ವಲ್ಪ ಕಿರಿದಾದ ಸಾಕೆಟ್ಟನ್ನು ಅದರ ಮೇಲೆ ಬಡಿದು ಕೂರಿಸಿ ತಿರುಗಿಸಿದರು. ಅವರ ಕೆಲಸದಿಂದ ನಾವು ಕಲಿತ ಕ್ರಮವಿದು. ಮೊದಲು ಬ್ಯಾಟರಿಯ ಭೂತಂತಿಯನ್ನು ಬಿಚ್ಚಬೇಕು. ಕತ್ತಲ ಮೂಲೆಯಲ್ಲಿ ಸ್ಪ್ಯಾನರು ಸ್ಟಾರ್ಟರಿನ ತಂತಿಗೂ ಕಬ್ಬಿಣಕ್ಕೂ ಒಟ್ಟಿಗೆ ತಗುಲಿದರೆ ಕಿಡಿಯೆದ್ದು ಕೈ ಸುಡುವುದು. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ನುಸುಳಬಾರದು. ಭದ್ರವಾದ ಆಧಾರಗಳನ್ನು ಕೊಡಬೇಕು. ಗೇರುಪೆಟ್ಟಿಗೆಯನ್ನು ತೆಗೆದರೆ ಇಂಜಿನ್ನಿನ ಹಿಂಭಾಗಕ್ಕೆ ಆಸರೆ ತಪ್ಪುವುದರಿಂದ, ಎಣ್ಣೆತೊಟ್ಟಿಯ ಕೆಳಗೆ ಮರದ ಹಲಗೆಯನ್ನಿಟ್ಟು ಜಾಕಿನಿಂದ ತಡೆಯಬೇಕು. ಕಾಣದ ನಟ್ಟನ್ನು ಸಣ್ಣ ಕನ್ನಡಿಯಲ್ಲಿ ನೋಡಿ, ಬೆರಳಿನಿಂದ ಮುಟ್ಟಿ ಗುರುತಿಸಬೇಕು. ನಟ್ಟನ್ನು ಸುತ್ತಲೂ ಹಿಡಿಯುವ ಬಳೆ ಸ್ಪ್ಯಾನರು ಅಥವಾ ಸಾಕೆಟ್ಟು ಉತ್ತಮ. ಎಡೆಯಿಲ್ಲದಲ್ಲಿ ಸಾಕೆಟ್ಟಿಗೆ ಉದ್ದನೆಯ ಸರಳನ್ನೂ ಬಾಗುವ ಕೀಲನ್ನೂ ಜೋಡಿಸಬಹುದು. ಆದರೆ ಕೀಲು ಹೆಚ್ಚು ಬಾಗಿದಷ್ಟೂ ಸಾಕೆಟ್ಟು ಜಾರುವ ಭಯ ಹೆಚ್ಚು. ಮರಳಿ ಕೂರಿಸುವಾಗ ಸಾಕೆಟ್ಟಿನೊಳಗೆ ಸ್ವಲ್ಪ ಗ್ರೀಸು ಸವರಿದರೆ ನಟ್ಟು ಬೀಳುವುದಿಲ್ಲ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಹಾಕಬೇಕು; ಮರೆ ಕೆಟ್ಟರೆ ಕೆಲಸವೆಲ್ಲ ಕೆಟ್ಟಿತು.

ಇನ್ನೊಂದು ಎಚ್ಚರಿಕೆ. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಗಾಡಿಯ ಇಂಜಿನ್ನಿನಲ್ಲಿ ಬೋಲ್ಟಿನ ತಲೆಗಳು ಇಂಗ್ಲೀಷರ ವಿಟ್‌ವರ್ತ್ ಅಳತೆಯವು, ಮರೆಗಳು ಮಾತ್ರ ಮೆಟ್ರಿಕ್ ಅಳತೆಯವು. ಸ್ಪ್ಯಾನರು ಹಿಡಿಯಿತೆಂದು ಬೇರೆ ಬೋಲ್ಟನ್ನು ಅಲ್ಲಿ ತಿರುಗಿಸಿದರೆ ರಂಧ್ರವೇ ಹಾಳಾಗುವುದು. ಆದಕಾರಣ ಬಿಚ್ಚಿದ ಪ್ರತಿಯೊಂದನ್ನೂ ಅದರ ಸ್ಥಾನದ ಗುರುತಿನೊಡನೆ ಪ್ರತ್ಯೇಕವಾಗಿ ಇಡಬೇಕು.

ಮೂರನೆಯ ದಿನ ಸಂಜೆ ಹೆರಾಲ್ಡ್ ಗಾಡಿಯು ತನ್ನ ಬಲದಿಂದಲೇ ಹಿತ್ತಲನ್ನು ಬಿಟ್ಟು ಗುತ್ತಲಿನ ರಸ್ತೆಗೆ ಬಂದಿತು. ನಮ್ಮ ಸ್ನೇಹಿತರು ಗುಜರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮೇಸ್ತ್ರಿಗಳು ತಮ್ಮ ಹಳೆಯ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದರು. ಅವರ ಬೆರಳುಗಳಿಗೆ ತಿಳಿದಿರುವುದನ್ನು ಕಲಿಯಲು ಒಬ್ಬ ಹುಡುಗನೂ ಜೊತೆಯಲ್ಲಿರಲಿಲ್ಲ. ಮುಂದಿನ ವಾರದಿಂದ ನಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸುವುದೆಂದು ಅಲ್ಲಿಯೇ ಮಾತಾಯಿತು.