ಚೌತಿಗೆ ಮೊಳಕೆ, ದೀಪಾವಳಿಗೆ ಬಳ್ಳಿ, ಶಿವರಾತ್ರಿಗೆ ಗೆಣಸು

ಶಿವರಾತ್ರಿಯ ಉಪವಾಸದಂದು ಬೇಯಿಸಿದ ಸಿಹಿಗೆಣಸಿಗೆ ನಮ್ಮ ಮನೆಗಳಲ್ಲಿ ವಿಶೇಷ ಸ್ಥಾನವಿದೆ. ಅದನ್ನು ಸಂತೆಯಿಂದ ತರುವುದು ರೂಢಿ. ಆದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಅಂಗೈಯಗಲ ಹಿತ್ತಿಲುಳ್ಳವರೂ ಅದನ್ನು ಸ್ವತಃ ಬೆಳೆದುಕೊಳ್ಳಬಹುದು. ಗೆಣಸು ಸುಮಾರು ನಾಲ್ಕು ತಿಂಗಳ ಬೆಳೆ. ನರಕ ಚತುರ್ದಶಿಯಿಂದ ಶಿವರಾತ್ರಿಗೆ ಸರಿಯಾಗಿ ನಾಲ್ಕು ಚಾಂದ್ರಮಾಸಗಳು. ಆ ವೇಳೆಗೆ ನಮ್ಮಲ್ಲಿ ಮುಂಗಾರಿನ ಅಬ್ಬರ ತಗ್ಗಿ, ಭೂಮಿಯಲ್ಲಿ ಹದವಾದ ತೇವ ಉಳಿದಿರುತ್ತದೆ.

ಗೆಣಸನ್ನು ಗಡ್ಡೆಯಿಂದಲ್ಲ, ಬಳ್ಳಿಯ ತುಂಡಿನಿಂದ ಬೆಳೆಸಬೇಕು. ಬಳ್ಳಿ ದೊರೆಯದಿದ್ದರೆ ಗಣೇಶ ಚೌತಿಯ ಸುಮಾರಿಗೆ ಆರೋಗ್ಯವಂತ ಗಡ್ಡೆಯೊಂದನ್ನು ಕುಂಡದ ಮರಳುಮಿಶ್ರಿತ ಮಣ್ಣಿನಲ್ಲಿ ಅರ್ಧ ಹೂತು, ಮಳೆ ನೇರವಾಗಿ ಬೀಳದಂತೆ ಇಡಬೇಕು. ಏಳೆಂಟು ವಾರಗಳಲ್ಲಿ ಅದರ ಮೊಳಕೆಗಳು ಬಳ್ಳಿಗಳಾಗುತ್ತವೆ. ತುದಿಯ ಕಡೆಯಿಂದ ಒಂದು ಗೇಣಿಗಿಂತ ತುಸು ಉದ್ದದ ತುಂಡುಗಳನ್ನು ಕತ್ತರಿಸಿ, ಒಂದೆರಡು ದಿನ ನೆರಳಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೇರು ಬೇಗ ಒಡೆಯುತ್ತದೆ.

ನಾಟಿಗೆ ಒಂದು ಅಡಿ ಎತ್ತರದ ಏರುಮಡಿ ಬೇಕು. ಏರಿನಿಂದ ಏರಿಗೆ ಎರಡು ಅಡಿ, ತುಂಡಿನಿಂದ ತುಂಡಿಗೆ ಒಂದು ಗೇಣು ಅಂತರವಿರಲಿ. ಎರಡು ಮೂರು ಗಿಣ್ಣುಗಳು ಮಣ್ಣಿನೊಳಗಿರಬೇಕು. ಕೆಂಪು ಗೋಡುಮಣ್ಣು ಉತ್ತಮ; ನಾಲೆಯ ಆಸುಪಾಸಿನ ಜೇಡಿಮಣ್ಣಾದರೆ ಮರಳು ಮತ್ತು ಕಳಿತ ಗೊಬ್ಬರ ಬೆರೆಸುವುದು ಅಗತ್ಯ. ಮೊದಲ ಹತ್ತು ದಿನ ತಪ್ಪದೆ ನೀರುಣಿಸಿ, ಅನಂತರ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಗೊಬ್ಬರ, ನೀರು ಅತಿಯಾದರೆ ಸೊಪ್ಪು ಸೊಂಪಾಗಿ, ಗಡ್ಡೆ ಬಡವಾಗುತ್ತದೆ. ಹರಡಿದ ಬಳ್ಳಿ ಅಲ್ಲಲ್ಲಿ ಬೇರೂರದಂತೆ ಆಗಾಗ ಎತ್ತಿ ಬಿಡಬೇಕು.

ಈ ಬೆಳೆಯ ಮುಖ್ಯ ಶತ್ರು ಇರುವೆಯಂತೆ ಕಾಣುವ ಉದ್ದಮೂತಿಯ ಕೀಟ. ಒಣಗಿ ಬಿರಿದ ಮಣ್ಣಿನ ಮೂಲಕ ಅದು ಗಡ್ಡೆಯನ್ನು ಸೇರುತ್ತದೆ. ಆದ್ದರಿಂದ ಬುಡಕ್ಕೆ ಮಣ್ಣೇರಿಸಿ ಬಿರುಕು ಮುಚ್ಚಬೇಕು; ಬಲಿತ ಗಡ್ಡೆಯನ್ನು ನೆಲದಲ್ಲಿ ಬಿಡಬಾರದು. ಹುಳು ಕೊರೆದು ಕಹಿಯಾದ ಗೆಣಸನ್ನಾಗಲಿ, ಬೂಷ್ಟು ಹಿಡಿದುದನ್ನಾಗಲಿ ನಾವು ತಿನ್ನಬಾರದು, ಗೋವುಗಳಿಗೂ ಹಾಕಬಾರದು.

ಶಿವರಾತ್ರಿಗೆ ಒಂದು ವಾರ ಮುಂಚೆ ಅಗೆದು, ತೊಳೆಯದೆ, ಗಾಳಿಯಾಡುವ ನೆರಳಿನಲ್ಲಿ ಹರಡಿದರೆ ಗಾಯಗಳು ಮಾಗಿ ಸಿಹಿ ಹೆಚ್ಚುತ್ತದೆ.

ನೂರು ಗ್ರಾಂ ಗೆಣಸಿನಲ್ಲಿ ಸುಮಾರು 20 ಗ್ರಾಂ ಪಿಷ್ಟ-ಸಕ್ಕರೆ ಮತ್ತು 3 ಗ್ರಾಂ ನಾರು ಇರುತ್ತದೆ. ತಿರುಳು ಕಿತ್ತಳೆ ಬಣ್ಣದ್ದಾದರೆ ಕಣ್ಣಿಗೆ ಹಿತವಾದ 'ಎ' ಜೀವಸತ್ವದ ಮೂಲವಸ್ತುವೂ ಹೇರಳ. ಆಫ್ರಿಕಾದ ಮಕ್ಕಳಿಗೆ ಇಂತಹ ಗೆಣಸನ್ನು ತಲುಪಿಸಿದ ವಿಜ್ಞಾನಿಗಳು 2016ರ ವಿಶ್ವ ಆಹಾರ ಪ್ರಶಸ್ತಿಗೆ ಪಾತ್ರರಾದರು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ 'ಭೂ ಸೋನಾ' ಇದೇ ಬಗೆಯ ತಳಿ. ಅರ್ಧ ಚಮಚ ತುಪ್ಪದೊಡನೆ ಸೇವಿಸಿದರೆ ಆ ಸತ್ವ ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಮಧುಮೇಹಿಗಳು ಮಾತ್ರ ಎಚ್ಚರದಿಂದಿರಬೇಕು. ಅವರಿಗೆ ಸುಟ್ಟದ್ದಕ್ಕಿಂತ ಬೇಯಿಸಿದ ಗೆಣಸು ಮೇಲು, ಅದೂ ಮಿತವಾಗಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಗಡ್ಡೆಯನ್ನು ಅಗೆದ ದಿನ ಬಳ್ಳಿಯನ್ನೆಲ್ಲ ಎಸೆಯದಿರಿ. ಹುಳುವಿಲ್ಲದ ನಾಲ್ಕು ತುದಿಗಳನ್ನು ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಊರಿದರೆ ಬೇಸಿಗೆಯನ್ನು ದಾಟುತ್ತವೆ. ಮುಂದಿನ ದೀಪಾವಳಿಗೆ ನಿಮಗೂ ನೆರೆಮನೆಯವರಿಗೂ ಒದಗುತ್ತವೆ. ಒಂದು ಗೇಣು ಬಳ್ಳಿ ಕೊಟ್ಟರೆ ಅವರ ಮನೆಯ ಶಿವರಾತ್ರಿಗೂ ಗೆಣಸಾಯಿತು.